ಬಸುರಿಗೆ ಹಲ್ಲುನೋವು ಬಂದರೆ ಹೆರಿಗೆವರೆಗೂ ಕಾಯಬೇಕಾ?

ಪ್ರಶ್ನೆ: ನನಗೀಗ ಐದು ತಿಂಗಳು. ಕೆಳಗಿನ ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅತ್ತೆ ಬೇಡ ಅನ್ನುತ್ತಾರೆ, ಇಂಜೆಕ್ಷನ್ನು, ಎಕ್ಸ್‌ರೇ ಎಲ್ಲ ಮಗುವಿಗೆ ತೊಂದರೆಯಂತೆ. ಲವಂಗ ಇಟ್ಟುಕೊಂಡು ತಡ್ಕೋ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ತಡೆದುಕೊಳ್ಳಬೇಡಿ ತಾಯಿ, ಈ ವಾರವೇ ಹೋಗಿ. ನಿಮ್ಮ ಹಾಗೇ ತಡೆದುಕೊಂಡ ಒಬ್ಬರು ಏಳನೇ ತಿಂಗಳಲ್ಲಿ ನನ್ನ ಹತ್ತಿರ ಬಂದಿದ್ದರು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು, ಜ್ವರ ಬೇರೆ. ಬಾಯಿ ತೆರೆಸಿ ನೋಡಿದರೆ ಹುಳುಕಿನ ಗುಂಡಿಯೊಳಗೆ ಲವಂಗದ ಚೂರು ಹಾಗೇ ಕೂತಿತ್ತು, ಸುತ್ತಲಿನ ಒಸಡು ಸುಟ್ಟು ಬೆಳ್ಳಗಾಗಿತ್ತು. ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಮಗುವಿಗೆ ತೊಂದರೆ ಆಗೋದು ಆ ಕೀವಿನಿಂದ, ಆ ಜ್ವರದಿಂದ, ಆ ಉಪವಾಸದಿಂದ. ಚಿಕಿತ್ಸೆಯಿಂದ ಅಲ್ಲ.

ಐದನೇ ತಿಂಗಳು ಚಿಕಿತ್ಸೆಗೆ ಒಳ್ಳೆ ಸಮಯ. ವಾಂತಿ ನಿಂತಿರುತ್ತೆ, ಹೊಟ್ಟೆ ಇನ್ನೂ ಭಾರ ಆಗಿರಲ್ಲ. ಆದರೆ ನೋವು, ಊತ ಇದ್ದರೆ ಯಾವ ತಿಂಗಳಾದರೂ ಕಾಯಬೇಕಿಲ್ಲ. ಮರಗಟ್ಟಿಸೋಕೆ ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಬಸುರಿಯರಿಗೂ ಕೊಡಬಹುದು. ಹಲ್ಲಿನ ಎಕ್ಸ್‌ರೇ ಬೀಳೋದು ದವಡೆ ಮೇಲೆ, ಹೊಟ್ಟೆ ಮೇಲಲ್ಲ, ಅದರ ಪ್ರಮಾಣವೂ ತೀರಾ ಕಡಿಮೆ. ಇವೆರಡಕ್ಕೂ ಹೆದರಬೇಕಿಲ್ಲ ಅಂತ ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2013ರಲ್ಲೇ ಹೇಳಿದೆ. ಹುಳುಕು ತುಂಬಿಸೋದು, ರೂಟ್ ಕೆನಾಲ್, ಬೇಕೇ ಬೇಕಾದರೆ ಹಲ್ಲು ಕೀಳೋದು, ಎಲ್ಲವೂ ಆಗುತ್ತೆ.

ನನಗೆ ನಿಜವಾಗಿ ಭಯ ಆಗೋದು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರುವ ಮಾತ್ರೆಗಳದ್ದು. ಐಬುಪ್ರೊಫೇನ್, ಡೈಕ್ಲೊಫಿನಾಕ್ ತರಹದ ನೋವಿನ ಮಾತ್ರೆ ಐದನೇ ತಿಂಗಳ ನಂತರ ಮಗುವಿನ ಕಿಡ್ನಿಗೆ, ಹೃದಯಕ್ಕೆ ತೊಂದರೆ ಮಾಡಬಲ್ಲವು. ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಮುಂದೆ ಬರುವ ಹಲ್ಲುಗಳ ಬಣ್ಣವೇ ಕೆಡುತ್ತೆ. ತಾಯಿ ಕಾರ್ಡ್ ಜೊತೆಗೆ ತಗೊಂಡು ಹೋಗಿ, ತಿನ್ನುತ್ತಿರುವ ಮಾತ್ರೆಗಳನ್ನೂ ತೋರಿಸಿ. ಅತ್ತೆಯವರನ್ನೂ ಕರ್ಕೊಂಡು ಹೋಗಿ, ಅವರ ಭಯಕ್ಕೂ ಡಾಕ್ಟರೇ ಉತ್ತರ ಹೇಳಲಿ.

ಪ್ರಶ್ನೆ: ಮೂರು ತಿಂಗಳು. ಬ್ರಷ್ ಮಾಡಿದರೆ ನೊರೆಯೆಲ್ಲ ಕೆಂಪಗೆ ಬರುತ್ತೆ. ಮಗು ನನ್ನ ಹಲ್ಲಿನ ಕ್ಯಾಲ್ಸಿಯಂ ಎಳ್ಕೊಳ್ತಿದೆ ಅಂತಾರೆ ಮನೆಯಲ್ಲಿ. ಬ್ರಷ್ ಬಿಟ್ಟು ಬೆರಳಲ್ಲೇ ಉಜ್ಜುತ್ತಿದ್ದೇನೆ, ಸರೀನಾ?
– ಒಬ್ಬ ಓದುಗರು, ಹಾವೇರಿ

ಉತ್ತರ: ಇವತ್ತಿನಿಂದಲೇ ಬ್ರಷ್ ಮತ್ತೆ ಹಿಡೀರಿ. ಮೆತ್ತನೆಯದು ತಗೊಳ್ಳಿ, ದಿನಕ್ಕೆ ಎರಡು ಸಲ, ಒಸಡಿನ ಅಂಚಿನವರೆಗೂ ನಿಧಾನವಾಗಿ ಉಜ್ಜಿ. ಬಸಿರಿನಲ್ಲಿ ಹಾರ್ಮೋನ್ ಏರೋದರಿಂದ ಹಲ್ಲಿನ ಬುಡದಲ್ಲಿ ಸ್ವಲ್ಪ ಕೊಳೆ ಇದ್ದರೂ ಒಸಡು ಬೇಗ ಊದಿಕೊಂಡು ರಕ್ತ ಒಸರುತ್ತೆ. ರಕ್ತ ಕಂಡು ಬ್ರಷ್ ಬಿಟ್ಟರೆ ಕೊಳೆ ಹೆಚ್ಚುತ್ತೆ, ರಕ್ತವೂ ಜಾಸ್ತಿ ಆಗುತ್ತೆ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ ಅನ್ನೋದೂ ಸುಳ್ಳು, ಒಂದು ಸಲ ಮಾಡಿಸಿ.

ಇನ್ನು ಕ್ಯಾಲ್ಸಿಯಂ. ಬೆಳೆದ ಹಲ್ಲಿನಿಂದ ಅದನ್ನು ವಾಪಸ್ ತೆಗೆಯೋ ದಾರಿ ದೇಹಕ್ಕಿಲ್ಲ. ಊಟದಲ್ಲಿ ಸಾಲದಿದ್ದರೆ ಮಗು ನಿಮ್ಮ ಮೂಳೆಯಿಂದ ತಗೊಳ್ಳುತ್ತೆ. ಅದಕ್ಕೇ ರಾಗಿ, ಹಾಲು, ಸೊಪ್ಪು ಚೆನ್ನಾಗಿ ತಿನ್ನಿ. ನಾಲ್ಕನೇ ತಿಂಗಳಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆ ಜೊತೆ ನುಂಗಬೇಡಿ, ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಇರಲಿ.

ಹಾಗಾದರೆ ಬಸುರಿಯರ ಹಲ್ಲು ಯಾಕೆ ಹಾಳಾಗುತ್ತೆ? ಆಗಾಗ ಏನಾದರೂ ತಿನ್ನುತ್ತಿರುತ್ತೇವೆ, ಸುಸ್ತಾಗಿ ರಾತ್ರಿ ಬ್ರಷ್ ಮಾಡದೆ ಮಲಗುತ್ತೇವೆ, ಜೊತೆಗೆ ವಾಂತಿಯ ಹುಳಿ ಹಲ್ಲಿಗೆ ತಾಗುತ್ತೆ. ಹುಳಿ ತಾಗಿ ಮೆತ್ತಗಾದ ಹಲ್ಲನ್ನು ಆಗಲೇ ಉಜ್ಜಿದರೆ ಸವೆಯುತ್ತೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಉಗುಳಿ. ಬ್ರಷ್ ಮಾಡೋದು ಅರ್ಧ ಗಂಟೆ, ಒಂದು ಗಂಟೆ ಬಿಟ್ಟು.