ದೊಡ್ಡವ್ವನ ಸಾವು ನಾಲ್ಕೇ ಸಾಲು ಯಾಕೆ?

ಪ್ರಶ್ನೆ: ಅಣ್ಣಾವ್ರೇ, 2024ರ ಏಪ್ರಿಲ್‌ನಲ್ಲಿ ಲಚ್ಯಾಣದ ಮಗು ಕೊಳವೆಬಾವಿಗೆ ಬಿದ್ದಾಗ ಟಿವಿಯವರೆಲ್ಲ ಬಂದು ನಿಂತಿದ್ದರು. ನಾವೂ ಊಟ ಬಿಟ್ಟು ನೋಡಿದೆವು. ಆದರೆ ಕಬ್ಬು ಕಡಿಯೋಕೆ ಹೋಗಿದ್ದ ನಮ್ಮ ದೊಡ್ಡವ್ವ ಟ್ರ್ಯಾಕ್ಟರ್ ಪಲ್ಟಿಯಾಗಿ ತೀರಿಕೊಂಡಾಗ ಪೇಪರಿನಲ್ಲಿ ಬಂದದ್ದು ನಾಲ್ಕು ಸಾಲು. ಅದರಲ್ಲೂ ಹೆಸರು ತಪ್ಪು. ಯಾವ ಸಾವು ಸುದ್ದಿ ಅಂತ ಯಾರು ತೀರ್ಮಾನ ಮಾಡುತ್ತಾರೆ?
– ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ತಂಗಿ, ಮೊದಲು ಹೆಸರಿನ ವಿಷಯ. ಅದು ಸಣ್ಣ ತಪ್ಪಲ್ಲ. ಆ ಪತ್ರಿಕೆಗೆ ಬರೆದು ತಿದ್ದುಪಡಿ ಕೇಳಿ, ತಡವಾಯಿತು ಅಂತ ಬಿಡಬೇಡಿ.

ಇನ್ನು ತೀರ್ಮಾನ. ನಾನು ವಿಜಯಪುರದಲ್ಲಿ ಎಷ್ಟೋ ವರ್ಷ ರಾತ್ರಿ ಡೆಸ್ಕ್‌ನಲ್ಲಿ ಕೂತವನು. ತಾಲ್ಲೂಕು ವರದಿಗಾರ ಫೋನ್ ಮಾಡಿದರೆ ನಾವು ಕೇಳುತ್ತಿದ್ದ ಮೊದಲ ಮಾತು "ಎಷ್ಟು ಮಂದಿ?" ಎರಡನೆಯದು "ಫೋಟೊ ಐತೇನು?" ಒಬ್ಬರು, ಇಬ್ಬರು ಅಂದರೆ ಜಿಲ್ಲಾ ಪುಟದ ಮೂಲೆ. ಆ ಪುಟ ಬೆಂಗಳೂರಿನವರ ಕೈಗೆ ಹೋಗುವುದೇ ಇಲ್ಲ.

ಲಚ್ಯಾಣದಲ್ಲಿ ಮಗು ಬದುಕಿತ್ತು, ಮುಂದೇನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ, ಎಲ್ಲವೂ ಒಂದೇ ಹೊಲದಲ್ಲಿ ನಡೆಯುತ್ತಿತ್ತು, ಸುಮಾರು 20 ತಾಸು ಕ್ಯಾಮೆರಾ ತಿರುಗಿಸಿಕೊಂಡು ನಿಲ್ಲಬಹುದಿತ್ತು. ಮಗು ಹೊರಗೆ ಬಂತು, ನಾನೂ ಅತ್ತೆ. ಆದರೆ ಕೊಳವೆಬಾವಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಿಮ್ಮ ಊರಲ್ಲಿ ಎಷ್ಟು ಬಾಯಿ ತೆರೆದಿವೆ ಅಂತ ಯಾರಾದರೂ ಎಣಿಸಿದರಾ? ಅದನ್ನು ಲೈವ್ ತೋರಿಸೋಕೆ ಆಗಲ್ಲ, ಅದಕ್ಕೇ ಯಾರೂ ಹೋಗಲ್ಲ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಹತ್ತಿರ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಹುಡುಕುವವರೆಗೆ ಸುದ್ದಿ ಓಡಿತು. ಅವರ ಮನೆಯವರು ಈಗ ಹೇಗಿದ್ದಾರೆ ಅಂತ ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ ಅಲ್ವಾ? ಅವರ ಪರವಾಗಿ ನಿಮ್ಮ ಹಾಗೆ ಪತ್ರ ಬರೆಯುವವರು ಇಲ್ಲಿ ಯಾರೂ ಇರಲಿಲ್ಲ.

ಜಾಗ ಕೂಡ ಲೆಕ್ಕಕ್ಕೆ ಬರುತ್ತದೆ. 2013ರ ನವೆಂಬರ್‌ನಲ್ಲಿ ಬೆಳಗಾವಿ ಸುವರ್ಣ ವಿಧಾನಸೌಧದ ಹತ್ತಿರ ಕಬ್ಬಿನ ದರಕ್ಕೆ ಹೋರಾಡುತ್ತಿದ್ದ ರೈತರೊಬ್ಬರು ಪ್ರಾಣ ಕಳೆದುಕೊಂಡರು. ಅಧಿವೇಶನ ನಡೆದಿತ್ತು, ರಾಜ್ಯದ ಪತ್ರಕರ್ತರೆಲ್ಲ ಅಲ್ಲೇ ಇದ್ದರು. ಸದನವೇ ಅಲುಗಾಡಿತು. ಅದೇ ಸಂಕಟ ಹಳ್ಳಿಯ ಹೊಲದ ಬದುವಿನಲ್ಲಿ ನಡೆದಿದ್ದರೆ ನಾಲ್ಕು ಸಾಲೇ ಆಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ನಿಮ್ಮ ಪತ್ರ ಓದಿದಾಗ ನನಗೊಂದು ಫೋಟೊ ನೆನಪಾಯಿತು. ಉರುಳಿದ ಟ್ರೇಲರ್ ಪಕ್ಕದಲ್ಲಿ ಬುತ್ತಿಗಂಟು ಬಿದ್ದಿತ್ತು, ಅರಿವೆ ಬಿಚ್ಚಿ ರೊಟ್ಟಿ ಮಣ್ಣಾಗಿತ್ತು. ಹೆಣದ ಫೋಟೊ ನಾವು ಹಾಕುವುದಿಲ್ಲ, ಅದು ಸರಿಯೇ. ಆದರೆ ಅವತ್ತು "ಒಬ್ಬರೇ ಅಲ್ವಾ" ಅಂತ ಈ ಫೋಟೊವನ್ನೂ ಪಕ್ಕಕ್ಕಿಟ್ಟೆ. ಇಡಬಾರದಿತ್ತು. ಆ ಬುತ್ತಿ ಯಾರದು, ಎಷ್ಟು ಗಂಟೆಗೆ ಕಟ್ಟಿದ್ದು, ಟ್ರೇಲರ್‌ನಲ್ಲಿ ಎಷ್ಟು ಹೆಂಗಸರನ್ನು ತುಂಬಿದ್ದರು ಅಂತ ಕೇಳಬೇಕಿತ್ತು.

ಈಗ ನಿಮಗೆ ಕೇಳುತ್ತೇನೆ. ಟ್ರ್ಯಾಕ್ಟರ್‌ಗೆ ವಿಮೆ ಇತ್ತಾ? ಪರಿಹಾರ ಬಂತಾ? ಜೊತೆಗಿದ್ದ ಹೆಂಗಸರು ಏನು ಹೇಳುತ್ತಾರೆ? ಗೊತ್ತಿದ್ದಷ್ಟು ಬರೆದು ಕಳಿಸಿ, ನಮ್ಮ ವರದಿಗಾರರು ನಿಮ್ಮ ಮನೆಗೆ ಬರುತ್ತಾರೆ. ಪತ್ರದ ಮೇಲೆ ದೊಡ್ಡವ್ವನ ಸರಿಯಾದ ಹೆಸರು ದೊಡ್ಡಕ್ಷರದಲ್ಲಿ ಬರೆಯಿರಿ.