‘ಹೇಳಿದ್ದರೆ ಅವನ ಓದು ಹೋಗುತ್ತಿತ್ತಲ್ಲಮ್ಮಾ’

ಟೀಚರ್, ನಮಸ್ಕಾರ.

ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕಿಲ್ಲ. ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಪಾಠ ಮಾಡಿ ನಿವೃತ್ತರಾದವರು ಎಂದಷ್ಟೇ ಓದುಗರಿಗೆ ತಿಳಿಸುತ್ತೇನೆ. ನಿಮ್ಮ ಪತ್ರ ಉದ್ದವಿದೆ, ಅದರ ಸಾರ ಹೀಗಿದೆ. ನಿಮ್ಮ ಮಗ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಓದುತ್ತಿದ್ದಾನೆ. ಪಕ್ಕದ ಕೋಣೆಯ ಹುಡುಗ ಒಂದು ರಾತ್ರಿ ವಿಪರೀತ ಕುಡಿದು ಪ್ರಜ್ಞೆ ತಪ್ಪಿ ಬಿದ್ದ. ಗೆಳೆಯರು ವಾರ್ಡನ್‌ಗೆ ಹೇಳಲಿಲ್ಲ. ಬಾಗಿಲು ಹಾಕಿಕೊಂಡು, ಮುಖಕ್ಕೆ ನೀರು ಹೊಡೆದು, ಲಿಂಬೆ ಶರಬತ್ತು ಕುಡಿಸಲು ನೋಡಿ, ಬೆಳಗಾಗುವ ತನಕ ಕಾದರು. ಪುಣ್ಯಕ್ಕೆ ಹುಡುಗ ಉಳಿದ. ಆಮೇಲೆ ವಿಷಯ ಹೊರಗೆ ಬಂತು. ಕೋಣೆಯಲ್ಲಿ ಸ್ವಲ್ಪ ಗಾಂಜಾವೂ ಸಿಕ್ಕಿತು. ಅವನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು.

‘ಆ ರಾತ್ರಿ ಯಾಕೆ ಸುಮ್ಮನಿದ್ದೆ’ ಎಂದು ನೀವು ಮಗನನ್ನು ಕೇಳಿದಿರಿ. ‘ಹೇಳಿದ್ದರೆ ಅವನ ಓದು ಹೋಗುತ್ತಿತ್ತಲ್ಲಮ್ಮಾ’ ಎಂದ. ಈಗ ನಿಮಗೆ ನಿದ್ದೆ ಬರುತ್ತಿಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಮೂತ್ರ ಪರೀಕ್ಷೆ ಮಾಡಿಸಬೇಕು, ಸಿಕ್ಕಿಬಿದ್ದವರನ್ನು ಡಿಸ್‌ಮಿಸ್ ಮಾಡಬೇಕು ಎಂದು ಬರೆದಿದ್ದೀರಿ. ಮಗನನ್ನು ಮನೆಗೆ ಕರೆಸಿಕೊಳ್ಳಲಾ ಎಂದೂ ಕೇಳಿದ್ದೀರಿ.

ಕರೆಸಿಕೊಳ್ಳಬೇಡಿ ಟೀಚರ್. ನಿಮ್ಮ ಮಗ ಹೇಳಿದ ಆ ಒಂದು ಮಾತಿನ ಮೇಲೆಯೇ ಈ ಇಡೀ ಉತ್ತರ ನಿಂತಿದೆ. ಹುಡುಗ ಕೆಟ್ಟವನಾಗಿ ಸುಮ್ಮನಿದ್ದದ್ದಲ್ಲ. ಬಾಯಿ ಬಿಟ್ಟರೆ ಗೆಳೆಯ ಹಾಳಾಗುತ್ತಾನೆ ಎಂದು ನಿಯಮವೇ ಅವನಿಗೆ ಕಲಿಸಿತ್ತು.

ಆ ರಾತ್ರಿ ಏನಾಗಬಹುದಿತ್ತು ಎಂದು ಮೊದಲು ನೋಡೋಣ. ಇದು ನಿಮ್ಮ ಮಗನಿಗೂ ಗೊತ್ತಿರಬೇಕು. ಕುಡಿದು ಮಲಗಿದವನು ಮಲಗಿದ ಕೂಡಲೇ ಸುಧಾರಿಸತೊಡಗುವುದಿಲ್ಲ. ಕೊನೆಗೆ ಕುಡಿದದ್ದು ಹೊಟ್ಟೆಯಲ್ಲೇ ಇರುತ್ತದೆ, ಅದು ರಕ್ತಕ್ಕೆ ಸೇರುತ್ತಲೇ ಹೋಗುತ್ತದೆ. ಮಲಗಿದ ಮೇಲೂ ಅಮಲು ಏರುತ್ತದೆ. ಅಂಗಾತ ಮಲಗಿ ವಾಂತಿ ಬಂದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಎಷ್ಟೋ ಸಾವು ಆಗುವುದೇ ಹೀಗೆ. ಪ್ರಜ್ಞೆ ಇಲ್ಲದವನಿಗೆ ಶರಬತ್ತು, ಮಜ್ಜಿಗೆ, ಕಾಫಿ ಏನು ಕುಡಿಸಿದರೂ ಅಪಾಯವೇ. ತಣ್ಣೀರು ಸ್ನಾನವೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಒಬ್ಬ ಪಕ್ಕದಲ್ಲೇ ಕೂತಿರಬೇಕು. ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬಿಡುವು ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಗಟ್ಟಿಯಾಗಿ ಅಲುಗಿಸಿದರೂ ಏಳದಿದ್ದರೆ, ಆಮೇಲೆ ಯೋಚನೆ ಮಾಡುತ್ತಾ ಕೂರಬಾರದು. 108ಕ್ಕೆ ಫೋನ್ ಮಾಡಬೇಕು. ಇವುಗಳಲ್ಲಿ ಒಂದು ಕಂಡರೂ ಸಾಕು, ಎಲ್ಲವೂ ಕಾಣಲಿ ಎಂದು ಕಾಯುವುದು ಬೇಡ.

ಆ ಕೋಣೆಯಲ್ಲಿ ಫೋನ್ ಎಲ್ಲರ ಕೈಯಲ್ಲೂ ಇತ್ತು. ಮಾಡಿದರೆ ಮುಂದೇನಾಗುತ್ತದೋ ಎಂಬ ಹೆದರಿಕೆಯೂ ಎಲ್ಲರಿಗೂ ಇತ್ತು.

ಇಂಥದ್ದೇ ಹೆದರಿಕೆಯನ್ನು ಎದುರಿಸಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ನಿಯಮ ತಂದಿತು. ಕುಡಿದು ಅಪಾಯದಲ್ಲಿರುವವನಿಗಾಗಿ ಸಹಾಯ ಕೇಳಿದವನಿಗೂ, ಆ ಹುಡುಗನಿಗೂ ಕುಡಿದದ್ದಕ್ಕಾಗಿ ಕ್ಯಾಂಪಸ್ ಶಿಕ್ಷೆ ಇಲ್ಲ. ಆದರೆ ಆಮೇಲೆ ಅವನು ಕೌನ್ಸೆಲಿಂಗ್‌ಗೆ ಬರಬೇಕು. ಅಲ್ಲಿ ಸಹಾಯ ಕೇಳಿ ಬರುವ ಫೋನ್ ಕರೆಗಳು ಹೆಚ್ಚಿದವು, ಆಸ್ಪತ್ರೆಯಿಂದ ಬಂದ ಮೇಲೆ ಕೌನ್ಸೆಲರ್ ಎದುರು ಕೂತವರೂ ಹೆಚ್ಚಿದರು. ಅಂಥ ನಿಯಮ ನಮ್ಮ ಕ್ಯಾಂಪಸ್‌ಗಳಲ್ಲೂ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದಕ್ಕೆ ಹಣ ಬೇಡ. ಹಾಸ್ಟೆಲ್ ನಿಯಮಾವಳಿಯಲ್ಲಿ ಒಂದು ಸಾಲು, ಅದನ್ನು ಪಾಲಿಸುವ ವಾರ್ಡನ್, ಇಷ್ಟು ಸಾಕು.

‘ಹೀಗೆ ಸಲುಗೆ ಕೊಟ್ಟರೆ ಕುಡಿತ ಜಾಸ್ತಿಯಾಗುವುದಿಲ್ಲವೇ’ ಎಂದು ನೀವು ಕೇಳಬಹುದು. ನಮ್ಮ ದೇಶದ ಕಠಿಣ ಮಾದಕವಸ್ತು ಕಾನೂನೇ ಈ ವಿಷಯದಲ್ಲಿ ಒಂದು ಬಾಗಿಲು ತೆರೆದಿಟ್ಟಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅದು. ಮಾದಕವಸ್ತು ಸೇವನೆಗೆ ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡದ್ದಕ್ಕೆ ಕೇಸು ಬಿದ್ದ ವ್ಯಸನಿಯೊಬ್ಬ ತಾನಾಗಿಯೇ ಸರಕಾರಿ ಅಥವಾ ಸರಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಅವನ ಮೇಲಿನ ಪ್ರಾಸಿಕ್ಯೂಶನ್‌ಗೆ ವಿನಾಯಿತಿ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿಯನ್ನು ವಾಪಸು ಪಡೆಯಬಹುದು. ದೇಶದ ಕಾನೂನು ಇಷ್ಟು ದಾರಿ ಬಿಟ್ಟಿರುವಾಗ ಕಾಲೇಜಿನ ಶಿಸ್ತು ಸಮಿತಿ ಅದಕ್ಕಿಂತ ಬಿಗಿಯಾಗಿರಬೇಕಾದದ್ದು ಯಾಕೆ?

ಮಾರುವವರ ವಿಷಯ ಮಾತ್ರ ಬೇರೆ. ಅಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಗಡಿಯಲ್ಲಿರುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು. ದಿನಾ ಬೆಳಿಗ್ಗೆ ಎಷ್ಟು ಮಕ್ಕಳು ಬಸ್ಸು, ರೈಲು ಹತ್ತಿ ತಲಪಾಡಿ ದಾಟಿ ಮಂಗಳೂರು, ದೇರಳಕಟ್ಟೆ ಕಡೆಗೆ ಓದಲು ಹೋಗುತ್ತಾರೆ. ಸಂಜೆ ಬ್ಯಾಗ್ ಹೊತ್ತು ವಾಪಸು ಬರುತ್ತಾರೆ. ‘ಒಂದು ಸಣ್ಣ ಕಟ್ಟು ಇದೆ, ಕಾಸರಗೋಡು ಸ್ಟೇಷನ್ನಿನಲ್ಲಿ ಒಬ್ಬ ಬರುತ್ತಾನೆ, ಕೊಟ್ಟುಬಿಡು’ ಎಂದು ಯಾರಾದರೂ ಹೇಳಿದರೆ ಹುಡುಗನಿಗೆ ಅದು ಗೆಳೆತನದ ಉಪಕಾರದ ಹಾಗೆ ಕಾಣುತ್ತದೆ. ಗಾಂಜಾದಲ್ಲಿ ವಾಣಿಜ್ಯ ಪ್ರಮಾಣ, ಅಂದರೆ ಅತಿ ಕಠಿಣ ಶಿಕ್ಷೆ ಬೀಳುವ ಪ್ರಮಾಣ, 20 ಕಿಲೋ ಮೀರಿದ್ದು. ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತುವಿನಲ್ಲಿ ಬರೀ 10 ಗ್ರಾಂ ಮೀರಿದರೆ ಸಾಕು. ಅಂಗಿಯ ಕಿಸೆಯಲ್ಲಿ ಕಾಣದ ಹಾಗೆ ಕೂರುವಷ್ಟು. ಅಷ್ಟಕ್ಕೆ ಕನಿಷ್ಠ 10 ವರ್ಷ ಜೈಲು, ಜಾಮೀನು ಸಿಗುವುದೂ ಬಹಳ ಕಷ್ಟ. ‘ಒಳಗೆ ಏನಿದೆ ಗೊತ್ತಿರಲಿಲ್ಲ’ ಎಂಬುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವನು ಆ ಹುಡುಗನೇ. ಇದನ್ನು ಹೆದರಿಸಲು ಹೇಳುವುದಲ್ಲ, ಬಸ್‌ಪಾಸ್ ಕೈಗೆ ಕೊಡುವ ದಿನವೇ ಹೇಳಿಬಿಡಬೇಕು.

ಮದ್ಯದ ವಿಷಯದಲ್ಲೂ ಗಡಿ ಇದೆ. ಕೇರಳದಲ್ಲಿ 23 ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ. ಆದರೆ ಕರ್ನಾಟಕದ 180 ಎಂಎಲ್ ಟೆಟ್ರಾ ಪ್ಯಾಕೆಟ್‌ಗಳು ನಮ್ಮ ಒಳರಸ್ತೆಗಳಲ್ಲಿ ಬಂದು ಎಕ್ಸೈಸಿನವರ ಕೈಗೆ ಸಿಕ್ಕಿಬೀಳುವ ಸುದ್ದಿ ನೀವೂ ಓದುತ್ತಲೇ ಇರುತ್ತೀರಿ, ಅಲ್ವಾ?

ಇನ್ನು ನಿಮ್ಮ ಮೂತ್ರ ಪರೀಕ್ಷೆ. ದಿನಾ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯಬಹುದು. ಎಂಡಿಎಂಎ ಕೆಲವೇ ದಿನಗಳಲ್ಲಿ ಹೋಗುತ್ತದೆ. ಅಂದರೆ ಜಾಸ್ತಿ ಅಪಾಯದ್ದು ತಪ್ಪಿಸಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಇಡೀ ಕ್ಯಾಂಪಸ್ಸನ್ನು ಸಾಲಾಗಿ ನಿಲ್ಲಿಸಿ ಬಾಟಲಿ ಕೊಟ್ಟರೆ ಮಕ್ಕಳು ಅಧ್ಯಾಪಕರ ಹತ್ತಿರ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಅದು ನಮಗೆ ಬೇಡ.

ಪ್ರತಿ ಜೂನ್ 26ಕ್ಕೆ, ಮಾದಕವಸ್ತು ವಿರೋಧಿ ದಿನದಂದು, ನಡೆಯುವ ಭಾಷಣ, ಪ್ರತಿಜ್ಞೆ, ಪೋಸ್ಟರ್ ಬಗ್ಗೆಯೂ ಒಂದು ಮಾತು. ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ‘ಯುವಜನತೆ ಪೂರ್ತಿ ಹಾಳಾಗಿದೆ’ ಎಂದು ವೇದಿಕೆಯಿಂದ ಹೇಳುವುದನ್ನು ನಿಲ್ಲಿಸಬೇಕು. ಅದನ್ನು ಕೇಳಿದ ಮೊದಲ ವರ್ಷದ ಹುಡುಗ ‘ಓ, ಎಲ್ಲರೂ ಮಾಡುತ್ತಾರೆ, ನಾನೊಬ್ಬನೇ ಬಾಕಿ’ ಎಂದುಕೊಳ್ಳುತ್ತಾನೆ. ಜೊತೆಯವರು ಕುಡಿತಕ್ಕೆ ಕೊಡುವ ಒಪ್ಪಿಗೆಯನ್ನು ವಿದ್ಯಾರ್ಥಿಗಳು ಇರುವುದಕ್ಕಿಂತ ಹೆಚ್ಚು ಎಂದು ಅಂದಾಜು ಮಾಡುತ್ತಾರೆ ಎಂದು ಪರ್ಕಿನ್ಸ್, ಬರ್ಕೊವಿಟ್ಸ್ ಎಂಬ ಇಬ್ಬರು ಸಂಶೋಧಕರು 1986ರಲ್ಲೇ ತೋರಿಸಿಕೊಟ್ಟಿದ್ದರು. ನಮ್ಮ ಲೆಕ್ಕವನ್ನೇ ನೋಡಿ. ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಕುಡಿಯುವವರು ಶೇ. 14.6. ಗಂಡಸರನ್ನು ಮಾತ್ರ ತೆಗೆದುಕೊಂಡರೂ ಶೇ. 27ರ ಸುತ್ತಮುತ್ತ. ಕುಡಿಯದವರೇ ಜಾಸ್ತಿ! ಇದನ್ನು ವೇದಿಕೆಯಿಂದ ಗಟ್ಟಿಯಾಗಿ ಹೇಳಿದರೆ ಬೇಡ ಎನ್ನಲು ಬಯಸುವ ಹುಡುಗನಿಗೆ ಎಷ್ಟು ಧೈರ್ಯ ಬರುತ್ತದೆ.

ಟೀಚರ್, ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಮುಂದಿನ ಪಿಟಿಎ ಸಭೆಗೆ ಹೋಗಿ. ಎದ್ದು ನಿಂತು ಕೇಳಿ: ರಾತ್ರಿ ಎರಡು ಗಂಟೆಗೆ ಗೆಳೆಯನಿಗಾಗಿ ಫೋನ್ ಮಾಡಿದ ವಿದ್ಯಾರ್ಥಿಗೆ ನೀವು ಏನು ಮಾಡುತ್ತೀರಿ? ಲಿಖಿತ ಉತ್ತರ ಕೇಳಿ. ಕೌನ್ಸೆಲರ್‌ಗೆ ಕನ್ನಡ ಅಥವಾ ತುಳು ಬರುತ್ತದೆಯೇ ಎಂದೂ ಕೇಳಿ. ಮಲಯಾಳದಲ್ಲಿ ಪರೀಕ್ಷೆ ಪಾಸು ಮಾಡುವಷ್ಟು ಕಲಿತ ಹುಡುಗನಿಗೂ ತನ್ನ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ. ಕಾಸರಗೋಡಿನಲ್ಲಿ ಇದು ನಮ್ಮ ಹಕ್ಕೂ ಹೌದು, ಸುಮ್ನೆ ಬಿಡಬೇಡಿ.

ಕೊನೆಗೆ ಆ ಹುಡುಗ. ಪತ್ರದ ಕೊನೆಯ ಪುಟದಲ್ಲಿ ‘ಈಗ ಮನೆಯಲ್ಲಿದ್ದಾನಂತೆ, ಯಾರ ಹತ್ತಿರವೂ ಮಾತಾಡುತ್ತಿಲ್ಲವಂತೆ’ ಎಂದು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಎಲ್ಲಕ್ಕಿಂತ ಚಿಂತೆಯಾದದ್ದು ಆ ಸಾಲು. ಅವನನ್ನು ಯಾರಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೇ? ತುಂಬ ದಿನದಿಂದ ದಿನಾ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಹಾಗಾಗಿ ಮನೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಕೇರಳ ಎಕ್ಸೈಸ್ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲೇ ಚಿಕಿತ್ಸಾ ಕೇಂದ್ರಗಳಿವೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಎರಡಕ್ಕೂ ಹಣ ಇಲ್ಲ.

ಅವನ ತಂದೆಯ ನಂಬರ್ ನಿಮ್ಮ ಮಗನ ಹತ್ತಿರ ಇದ್ದೇ ಇರುತ್ತದೆ. ನೀವೇ ಫೋನ್ ಮಾಡಿ ಟೀಚರ್. ನಾಚಿಕೆಯಿಂದ ಮೊದಲು ಫೋನ್ ಇಟ್ಟುಬಿಟ್ಟರೂ ಎರಡು ದಿನ ಬಿಟ್ಟು ಮತ್ತೆ ಮಾಡಿ. 64ಎ ಕಲಂ ವಿಷಯ ಅವರಿಗೆ ಹೇಳಿ. ಅವರಿಗೆ ಒಪ್ಪಿಗೆಯಾದರೆ ನಮ್ಮ ಕಚೇರಿಗೂ ಮಾತಾಡಲಿ. ಹತ್ತಿರದ ಯಾವ ಆಸ್ಪತ್ರೆಗೆ, ಯಾವ ದಿನ ಹೋಗಬೇಕು ಎಂದು ವಿಚಾರಿಸಿ ಕೊಡುವ ಕೆಲಸ ನಮ್ಮದು.

— ಸಂಪಾದಕ