ಎಂಟು ವರ್ಷ ಮಲಗಿದ್ದ ಡೀಸೆಲ್ ಎಂಜಿನ್ ಎಬ್ಬಿಸುವುದು ಹೇಗೆ?

ಪ್ರಶ್ನೆ: ನಮ್ಮ ಪಂಪಿನ ಡೀಸೆಲ್ ಎಂಜಿನ್ ಕೈಕೊಟ್ಟಿದೆ. ಇಂಥ ಹೊತ್ತಿಗೆ ಬೇಕಾಗುತ್ತೆ ಅಂತಲೇ ಅದೇ ಮಾದರಿಯ ಇನ್ನೊಂದನ್ನು ಶೆಡ್ಡಿನಲ್ಲಿ ಇಟ್ಟಿದ್ದೆವು. ಎರಡು ಸಿಲಿಂಡರ್, ನೀರಿನಿಂದ ತಣ್ಣಗಾಗುವಂಥದ್ದು. ಸ್ಟಾರ್ಟರ್ ಇದೆ, ಹ್ಯಾಂಡಲ್ ಹಾಕಿಯೂ ತಿರುಗಿಸಬಹುದು. ಇಡುವಾಗ ಚೆನ್ನಾಗಿ ಓಡುತ್ತಿತ್ತು, ಆಮೇಲೆ 8 ವರ್ಷ ಯಾರೂ ಮುಟ್ಟಿಲ್ಲ. ಹೊಸ ಬ್ಯಾಟರಿ, ಹೊಸ ಡೀಸೆಲ್ ಹಾಕಿ ಸ್ಟಾರ್ಟ್ ಮಾಡಿಬಿಡಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ಇಡುವಾಗ ಚೆನ್ನಾಗಿತ್ತು ಅನ್ನುವುದು ನಿಜವೇ ಇರಬಹುದು, ಆದರೆ ನಿಂತ ಎಂಜಿನ್ ಒಳಗೊಳಗೇ ಬದಲಾಗುತ್ತಾ ಇರುತ್ತದೆ. ಸಿಲಿಂಡರ್ ಗೋಡೆಯ ಆಯಿಲ್ ಕೆಳಗೆ ಇಳಿದುಹೋಗಿರುತ್ತದೆ. ಯಾವ ಸಿಲಿಂಡರಿನ ವಾಲ್ವ್ ತೆರೆದುಕೊಂಡು ನಿಂತಿತ್ತೋ ಅದರೊಳಗೆ ತೇವದ ಗಾಳಿ ಹೋಗಿ, ಪಿಸ್ಟನ್ ಸುತ್ತಲಿನ ರಿಂಗ್ ಇರುವ ಜಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಅದಕ್ಕೇ ಒಂದು ಸಿಲಿಂಡರ್ ಹೊಳೆಯುತ್ತಾ ಇದ್ದು ಪಕ್ಕದ್ದು ಹಿಡಿದುಕೊಂಡಿರುವುದು ತುಂಬಾ ಮಾಮೂಲಿ. ಸ್ಟಾರ್ಟರಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಅದು ಎಳೆದುಬಿಡುತ್ತದೆ, ರಿಂಗ್ ಮುರಿಯುತ್ತದೆ ಇಲ್ಲವೇ ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡ್ ಬಾಗುತ್ತದೆ. ಮೊದಲ ಸುತ್ತು ಕೈಯಿಂದಲೇ ಆಗಬೇಕು.

ಏರ್ ಕ್ಲೀನರ್ ಬಿಚ್ಚಿ, ಸೈಲೆನ್ಸರ್ ಬಾಯಿ ನೋಡಿ. ಇಲಿ ಗೂಡು, ಕಣಜದ ಮಣ್ಣು ಇದ್ದೇ ಇರುತ್ತೆ ಅಂದುಕೊಂಡೇ ಹುಡುಕಿ. ಆಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ತೆಗೆದು, ಒಂದೊಂದು ಸಿಲಿಂಡರಿಗೆ ಒಂದೆರಡು ಚಮಚ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಬಿಡಿ. ಮೇಲಿನ ಕವರ್ ಬಿಚ್ಚಿ ವಾಲ್ವ್ ಕಾಂಡಗಳಿಗೂ ಆಯಿಲ್ ಹಾಕಿ. ಎರಡು ದಿನ ಸುಮ್ನೆ ಬಿಟ್ಟುಬಿಡಿ. ಮೂರನೇ ದಿನ ಹ್ಯಾಂಡಲ್ ಹಿಡಿದು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಲುಗಿಸಿ. ಒಂದು ಬೆರಳಿನಷ್ಟು ಅಲುಗಿದರೂ ಗೆದ್ದಂತೆಯೇ, ಇನ್ನಷ್ಟು ಆಯಿಲ್ ಬಿಟ್ಟು ಮತ್ತೆ ಅಲುಗಿಸುತ್ತಾ ಹೋಗಿ. ಅಲುಗಲಿಲ್ಲ ಅಂತ ಹ್ಯಾಂಡಲಿಗೆ ಉದ್ದದ ಪೈಪ್ ಸಿಕ್ಕಿಸಿ ಜಗ್ಗಬೇಡಿ. ವಾರವಾದರೂ ಜಗ್ಗದಿದ್ದರೆ ಹೆಡ್ (ಸಿಲಿಂಡರ್ ಮೇಲಿನ ಭಾಗ) ಬಿಚ್ಚುವುದೇ ದಾರಿ.

ತಿರುಗುವಾಗ ಒಬ್ಬರು ವಾಲ್ವ್‌ಗಳನ್ನೇ ನೋಡುತ್ತಿರಲಿ. ಕೆಳಗಿಳಿದ ವಾಲ್ವ್ ಮೇಲೆ ಬರದೆ ಅಲ್ಲೇ ಉಳಿದರೆ ನಿಲ್ಲಿಸಿ, ಆಯಿಲ್ ಹಾಕಿ, ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಿ ಬಿಡಿಸಿ.

ಈಗ ನೀರು. ಬಿರುಕು ಬಿಟ್ಟ ರಬ್ಬರ್ ಹೋಸ್‌ಗಳನ್ನೆಲ್ಲ ಬದಲಾಯಿಸಿ, ನೀರು ತುಂಬಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗಿನ ಆಯಿಲ್ ಬೋಲ್ಟ್ ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಒಳಗೆ ಸೋರಿದ್ದರೆ ಅದೇ ಮೊದಲು ಹೊರಗೆ ಬರುತ್ತದೆ. ನಾಲ್ಕು ಹನಿ ಬಂದರೆ 8 ವರ್ಷದ ತೇವ ಇರಬಹುದು, ಲೋಟದಷ್ಟು ಬಂದರೆ ಸಿಲಿಂಡರಿನ ಒಳಗೋಡೆಯಾದ ಲೈನರಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಲೇ ಹಿಡಿಯಿರಿ. ಸರಿ ಇದ್ದರೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಇಂಜೆಕ್ಟರ್ ಇಲ್ಲದೆಯೇ, ಡೀಸೆಲ್ ನಿಲ್ಲಿಸುವ ಸ್ಟಾಪ್ ಲಿವರ್ ಎಳೆದಿಟ್ಟು ತಿರುಗಿಸಿ, ಆಯಿಲ್ ಮೇಲೆ, ವಾಲ್ವ್ ಒತ್ತುವ ರಾಕರ್ ತನಕ ಬರಬೇಕು. ಇಂಜೆಕ್ಟರ್ ತೂತು ತೆರೆದಿದ್ದು ಕಂಪ್ರೆಷನ್ (ಒಳಗೆ ಒತ್ತಿದ ಗಾಳಿ) ಇಲ್ಲದ್ದರಿಂದ ಬೇರಿಂಗ್ ಮೇಲೆ ಭಾರ ಕಡಿಮೆ. ನೀವು ಸುರಿದ ಆಯಿಲ್ ಇಂಜೆಕ್ಟರ್ ತೂತಿನಿಂದ ಚಿಮ್ಮುತ್ತದೆ, ಮುಖ ಅಲ್ಲಿ ಇಡಬೇಡಿ. ಅದು ಪೂರ್ತಿ ಹೊರಗೆ ಹೋಗಲೇಬೇಕು. ಒಳಗೇ ಉಳಿದರೆ ಪಿಸ್ಟನ್ ಅದನ್ನು ಒತ್ತಲು ಆಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹಳೆ ಡೀಸೆಲ್ ಒಂದು ಹನಿಯೂ ಬೇಡ. ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಆಗಿರುತ್ತದೆ, ಹೊಸ ಫಿಲ್ಟರನ್ನು ಅದು ಬೇಗನೇ ಕಟ್ಟಿಹಾಕುತ್ತೆ. ಇಂಜೆಕ್ಟರ್‌ಗಳನ್ನು ಹೇಗೂ ಬಿಚ್ಚಿದ್ದೀರಲ್ಲ, ಅವುಗಳ ತುದಿಯ ನಾಝಲ್ ಪರೀಕ್ಷಿಸುವವರಿಗೆ ಕೊಟ್ಟುಬಿಡಿ. ಮನೆಯಲ್ಲಿ ಕೈ ಅಡ್ಡ ಹಿಡಿದು ನೋಡಬೇಡಿ. ಇಂಥ ಎಂಜಿನ್‌ಗಳಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಡೀಸೆಲ್ ಬರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಹೆದರುವ ವಿಷಯ. ಇಂಜೆಕ್ಷನ್ ಪಂಪಿನ ಒಳಗೆ ಡೀಸೆಲ್ ಎಷ್ಟು ಹೋಗಬೇಕು ಅಂತ ಹಿಂದೆ ಮುಂದೆ ಸರಿಯುವ ರ‍್ಯಾಕ್ ಇದೆ. ಒಣಗಿದ ಡೀಸೆಲ್ ಅಂಟಾಗಿ ಅದು ಪೂರ್ತಿ ತೆರೆದ ಜಾಗದಲ್ಲೇ ಹಿಡಿದುಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ವೇಗ ಏರುತ್ತಲೇ ಹೋಗುತ್ತದೆ. ವೇಗ ಹಿಡಿತದಲ್ಲಿಡುವ ಗವರ್ನರ್ ತಡೆಯಲಾರದು, ಸ್ಟಾಪ್ ಲಿವರೂ ಕೆಲಸ ಮಾಡದು. ನಾನು ಇದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ, ಆ ಸದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಪಂಪಿನ ಪಕ್ಕದ ಮುಚ್ಚಳ ತೆಗೆದು ರ‍್ಯಾಕ್ ಬೆರಳಿಗೆ ಸಲೀಸಾಗಿ ಸರಿಯುತ್ತದಾ ನೋಡಿ. ಸರಿಯದಿದ್ದರೆ ಪಂಪ್ ರಿಪೇರಿಗೇ ಹೋಗಬೇಕು, ಬೇರೆ ಮಾತಿಲ್ಲ. ಎಲ್ಲ ಸರಿ ಇದ್ದರೂ ಮೊದಲ ಸ್ಟಾರ್ಟಿಗೆ ಏರ್ ಕ್ಲೀನರ್ ಹಾಕಬೇಡಿ, ಗಾಳಿ ಬಾಯಿ ಪೂರ್ತಿ ಮುಚ್ಚುವಂಥ ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಗಾಳಿ ನಿಂತರೆ ಎಂಜಿನ್ ನಿಲ್ಲುತ್ತದೆ. ಅಂಗೈ ಅಥವಾ ಬಟ್ಟೆ ಬೇಡ, ಎಳೆದುಕೊಂಡುಬಿಡುತ್ತದೆ.

ಇಂಜೆಕ್ಟರ್ ಮತ್ತೆ ಕೂರಿಸಿ, ಹೊಸ ಡೀಸೆಲ್ ತುಂಬಿಸಿ, ಡೀಸೆಲ್ ಫಿಲ್ಟರ್, ಆಮೇಲೆ ಪಂಪ್, ಕೊನೆಗೆ ಇಂಜೆಕ್ಟರ್ ನಟ್ಟು, ಈ ಕ್ರಮದಲ್ಲಿ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಮೊದಲು ಬಿಳಿ ಹೊಗೆ ಬಂದರೆ ಗಾಬರಿ ಬೇಡ, ಬಿಸಿಯಾದ ಮೇಲೆ ಹೋಗಬೇಕು. ಹತ್ತು ಸೆಕೆಂಡಿನಲ್ಲಿ ಆಯಿಲ್ ಒತ್ತಡ ತೋರದಿದ್ದರೆ ಮಾತ್ರ ಆಗಲೇ ನಿಲ್ಲಿಸಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ಕಡ್ಡಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಚೆನ್ನಾಗಿದ್ದರೆ ಮೆಲ್ಲಗೆ ಲೋಡ್ ಕೊಡುತ್ತಾ ಹೋಗಿ, ಕೆಲವು ಗಂಟೆ ಓಡಿದ ಮೇಲೆ ಆಯಿಲ್ ಮತ್ತೊಮ್ಮೆ ಬದಲಾಯಿಸಿ, ಬಿಡಿಸಿಕೊಂಡ ತುಕ್ಕೆಲ್ಲ ಅದರಲ್ಲೇ ಇರುತ್ತದೆ.

ಪ್ರಶ್ನೆ: ಹೊಸದಾಗಿ ತಂದ ಸ್ಪೇರ್ ಎಂಜಿನ್ನನ್ನು ತಿಂಗಳಿಗೊಮ್ಮೆ 5 ನಿಮಿಷ ಓಡಿಸಿ ಇಟ್ಟರೆ ಸಾಕಲ್ವಾ?

ಉತ್ತರ: ಅದು ಓಡಿಸದೇ ಇರುವುದಕ್ಕಿಂತ ಕೆಟ್ಟದ್ದು. ಡೀಸೆಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ಆವಿ ತಣ್ಣನೆಯ ಲೋಹದ ಮೇಲೆ ನೀರಾಗಿ ಕೂರುತ್ತದೆ, ಅರ್ಧ ಉರಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆಯಾದರೂ ಒಳ್ಳೆಯ ಲೋಡ್ ಕೊಟ್ಟು ಓಡಿಸಿ. ಆಗದಿದ್ದರೆ ಸ್ಟಾರ್ಟ್ ಮಾಡದೆ, ಸ್ಟಾಪ್ ಲಿವರ್ ಎಳೆದಿಟ್ಟು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಿಸಿ.

ಪ್ರಶ್ನೆ: ಸ್ಟಾರ್ಟ್ ಆಗದ ಎಂಜಿನ್‌ಗೆ ಈಥರ್ ಸ್ಪ್ರೇ (ಬೇಗ ಹೊತ್ತಿಕೊಳ್ಳುವ ದ್ರವ) ಹೊಡೆಯಬಹುದೇ?

ಉತ್ತರ: ಗಾಳಿ ಅಥವಾ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಖಂಡಿತ ಬೇಡ, ಗಾಳಿ ಕೊಳವೆಯಲ್ಲೇ ಬೆಂಕಿ ಹತ್ತಬಹುದು. ಪ್ಲಗ್ ಇಲ್ಲದಿದ್ದರೂ ಅದು ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ನು, ರಿಂಗು ಒಡೆಯಬಹುದು. ಮೊದಲು ಇಂಜೆಕ್ಟರ್ ನಟ್ಟು ಸಡಿಲಿಸಿ ಡೀಸೆಲ್ ಅಲ್ಲಿಯವರೆಗೆ ಬರುತ್ತಿದೆಯಾ ನೋಡಿ. ತುಂಬಾ ಸಲ ಸಿಕ್ಕಿಕೊಂಡಿರುವುದು ಬರೀ ಗಾಳಿ.